ಬರೆದು ಕೊಡದ ‘ಇಲ್ಲ’

ಎಲ್ಲಾದರೂ ಗುಂಡು ಹಾರಿದ ಸುದ್ದಿ ಬಂದ ಎರಡು ದಿನಕ್ಕೆ ಹಳೆಯ ವಾದವೊಂದು ಹೊಸದಾಗಿ ಅಚ್ಚಾಗುತ್ತದೆ: ಬಂದೂಕಿನಂಗಡಿಗಳ ಮೇಲೆ ಹಿಡಿತ ಬಿಗಿಯಾಗಬೇಕು, ಕೊಳ್ಳಲು ಬಂದವನ ಪೂರ್ವಾಪರವನ್ನು ಅಂಗಡಿಯವನೇ ವಿಚಾರಿಸಬೇಕು, ಅಮೆರಿಕದಲ್ಲಿ ಹಾಗೇ ನಡೆಯುತ್ತದೆ. ಈ ವಾದ ತಪ್ಪು. ಪೂರ್ವಾಪರ ಸರಿಯಿಲ್ಲದವನು ನಮ್ಮಲ್ಲಿ ಅಂಗಡಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಅವನ ಅರ್ಜಿ ಪೊಲೀಸ್ ಠಾಣೆಗೂ ಜಿಲ್ಲಾಧಿಕಾರಿ ಕಚೇರಿಗೂ ನಡುವೆ ಎಲ್ಲೋ ನಿಂತಿರುತ್ತದೆ. ತಿರಸ್ಕಾರ ಆಗಿರುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಅಂಗಡಿಯಲ್ಲಿ ಏನಾಗುತ್ತದೆ ಎಂಬುದನ್ನು ಒಮ್ಮೆ ನಿಂತು ನೋಡಬೇಕು. ಗಿರಾಕಿ ಮೊದಲು ಮೇಜಿನ ಮೇಲೆ ಇಡುವುದು ದುಡ್ಡನ್ನಲ್ಲ, ಲೈಸೆನ್ಸ್ ಪುಸ್ತಕವನ್ನು. ಅಂಗಡಿಯವನು ಫೋಟೊ ನೋಡಿ ಮುಖ ನೋಡುತ್ತಾನೆ. ಯಾವ ಬಗೆಯ ಬಂದೂಕಿಗೆ ಅನುಮತಿಯಿದೆ, ತೋಟಾ ಎಷ್ಟು, ಅವಧಿ ಎಂದಿಗೆ ಮುಗಿಯುತ್ತದೆ, ಲೈಸೆನ್ಸುದಾರನ ವಿಶಿಷ್ಟ ಗುರುತಿನ ಸಂಖ್ಯೆ (ಯುಐಎನ್) ಇದೆಯೇ ಎಂದು ಸಾಲು ಸಾಲಾಗಿ ಬೆರಳಿಟ್ಟು ಓದುತ್ತಾನೆ. ಆಮೇಲೆ ಬಂದೂಕಿನ ಮೇಲೆ ಕೊರೆದ ನಂಬರನ್ನು ತನ್ನ ರಿಜಿಸ್ಟರಿಗೂ ಗಿರಾಕಿಯ ಪುಸ್ತಕಕ್ಕೂ ಏರಿಸುತ್ತಾನೆ. ಎದುರಿಗಿದ್ದವನಿಗೆ ಆಯುಧ ಇಟ್ಟುಕೊಳ್ಳುವ ಹಕ್ಕಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಕೈಗೆ ಕೊಟ್ಟರೆ ಶಸ್ತ್ರಾಸ್ತ್ರ ಕಾಯ್ದೆಯ 29ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲು. ಕಾಗದ ಸರಿಯಿಲ್ಲದಿದ್ದರೆ ಪುಸ್ತಕ ಹಿಂದಕ್ಕೆ ಸರಿಸಿ ‘ಆಗುವುದಿಲ್ಲ’ ಎನ್ನುವುದು ಅವನ ಕೆಲಸ. ಎದುರಿಗಿದ್ದವನು ಎಂಥ ಮನುಷ್ಯ ಎಂದು ತೀರ್ಮಾನಿಸುವ ಅಧಿಕಾರವನ್ನು ಕಾನೂನು ವ್ಯಾಪಾರಿಗೆ ಕೊಟ್ಟಿಲ್ಲ. ಕೊಡಲೂಬಾರದು.

ಅಮೆರಿಕವನ್ನು ಮಾದರಿ ಎನ್ನುವವರು ಅಲ್ಲಿಯದೇ ಒಂದು ಲೆಕ್ಕವನ್ನು ನೋಡಲಿ. ಅಲ್ಲಿನ ಅಂಗಡಿಯವನು ಎಫ್‌ಬಿಐ ವ್ಯವಸ್ಥೆಯಲ್ಲಿ ವಿಚಾರಿಸುತ್ತಾನೆ. ‘ನಿರಾಕರಣೆ’ ಎಂಬ ಉತ್ತರ ಬಂದರೆ ಮಾರಾಟ ನಿಲ್ಲುತ್ತದೆ, ಗಿರಾಕಿ ಮನೆಗೆ ಹೋಗುತ್ತಾನೆ. 2017ರ ಆರ್ಥಿಕ ವರ್ಷದಲ್ಲಿ ಹೀಗೆ ನಿರಾಕರಣೆಗೊಂಡವು 1,12,090. ಕ್ಷೇತ್ರ ತನಿಖೆಗೆ ಹೋದವು 12,710. ಮರುವರ್ಷ ಜೂನ್ ಹೊತ್ತಿಗೆ ಕೇಂದ್ರದ ವಕೀಲರು ಹೂಡಿದ್ದ ಮೊಕದ್ದಮೆಗಳು 12. ಲಕ್ಷ ದಾಟಿದ ನಿರಾಕರಣೆಗೆ ಒಂದು ಡಜನ್! ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ಇದನ್ನು ಬಯಲಿಗಿಟ್ಟಿತು. ನಿರಾಕರಣೆಯ ಸುದ್ದಿಯನ್ನು 24 ಗಂಟೆಯೊಳಗೆ ಸ್ಥಳೀಯ ಪೊಲೀಸರಿಗೆ ತಿಳಿಸಬೇಕೆಂಬ ಕಾನೂನು ಬಂದದ್ದು 2022ರಲ್ಲಿ. ಅಂಗಡಿಯ ಮೇಜಿನಲ್ಲಿ ‘ಇಲ್ಲ’ ಎಂದರೆ ಮುಗಿಯಿತು ಎಂದುಕೊಂಡಿದ್ದ ದೇಶ, ಮುಗಿಯಲಿಲ್ಲ ಎಂದು ಕಲಿಯಲು ಅಷ್ಟು ವರ್ಷ ಬೇಕಾಯಿತು.

ನಮ್ಮಲ್ಲಂತೂ ಕೊಲ್ಲಲು ಹೊರಟವನಿಗೆ ಅಂಗಡಿಯೇ ಬೇಡ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದಿತು ವಿಧಿವಿಜ್ಞಾನ ವರದಿ. ಅಂಥ ಪಿಸ್ತೂಲು ಯಾವ ಅಂಗಡಿಯ ರಿಜಿಸ್ಟರನ್ನೂ ದಾಟಿ ಬರುವುದಿಲ್ಲ.

ಹಾಗಾದರೆ ನಮ್ಮ ಲೈಸೆನ್ಸ್ ವ್ಯವಸ್ಥೆ ಹಿಡಿಯುತ್ತಿರುವುದು ಯಾರನ್ನು? ಹುನಗುಂದ ಕಡೆಯ ನನ್ನ ಪರಿಚಯದ ಹಿರಿಯ ರೈತರೊಬ್ಬರು ಬೆಳೆ ಕಾಯಲು ಕೋವಿ ಬೇಕೆಂದು ಅರ್ಜಿ ಹಾಕಿದ್ದರು. ಕಾಡುಹಂದಿಯ ಹಿಂಡು ಶೇಂಗಾ ಹೊಲಕ್ಕೆ ಇಳಿದರೆ ಬೆಳಗಾಗುವುದರೊಳಗೆ ನೆಲ ಉತ್ತಂತೆ ಆಗಿರುತ್ತದೆ. ಪಹಣಿ, ಆಧಾರ್, ಡಾಕ್ಟರ ಸರ್ಟಿಫಿಕೇಟು ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಒಂದು ಕಚೇರಿಯ ಕಟ್ಟೆಯ ಮೇಲೆ ಎಷ್ಟೋ ಸೋಮವಾರ ಕೂತರು. ಹೋದಾಗಲೆಲ್ಲ ಒಂದೇ ಉತ್ತರ: ‘ರಿಪೋರ್ಟ್ ಇನ್ನಾ ಬಂದಿಲ್ರಿ, ಮುಂದಿನ ವಾರ ಬರ್ರಿ.’ ಕಡೆಗೊಂದು ದಿನ ಅವರು ಕೈಮುಗಿದು ‘ಆಗಂಗಿಲ್ಲ ಅಂತನರ ಬರದು ಕೊಡ್ರಿ ಯಪ್ಪಾ, ಮತ್ತ ಬರೂದಿಲ್ಲ’ ಎಂದರು. ಅದನ್ನೂ ಯಾರೂ ಬರೆದು ಕೊಡಲಿಲ್ಲ.

ಅವರಿಗೆ ಕೋವಿ ಸಿಗಲೇಬೇಕಿತ್ತು ಎಂಬುದು ನನ್ನ ವಾದವಲ್ಲ. ಸಿಗದಿದ್ದರೆ ಯಾಕೆ ಎಂಬ ಒಂದು ಸಾಲು ಸಿಗಲೇಬೇಕಿತ್ತು.

ಈ ಮಾತನ್ನು ಬೇರೆ ಯಾವ ಜಿಲ್ಲೆ ಮರೆತರೂ ಬಾಗಲಕೋಟೆ ಮರೆಯಬಾರದು. ಮುಧೋಳ ತಾಲ್ಲೂಕಿನ ಹಲಗಲಿಯನ್ನು ನಾವು ಶಾಲೆಯ ಪಠ್ಯದಲ್ಲಿ ಓದಿದ್ದೇವೆ, ಲಾವಣಿಯಲ್ಲಿ ಕೇಳಿದ್ದೇವೆ. ಅಲ್ಲಿ ಬ್ರಿಟಿಷರಿಗೆ ಎದುರುನಿಂತ ಬೇಡರ ಜಡಗ, ಬಾಲ, ಹನುಮ, ರಾಮರ ಹೆಸರು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ವರ್ಷಕ್ಕೊಮ್ಮೆ ಭಾಷಣದಲ್ಲಿ ಅವರ ಶೌರ್ಯ ಹೊಗಳಿ ಮುಗಿಸುತ್ತೇವೆ. ಹಲಗಲಿ ಹೊತ್ತಿ ಉರಿದದ್ದು ಒಂದು ಲೈಸೆನ್ಸ್ ಕಾನೂನಿನಿಂದ ಎಂಬ ಮಾತು ಮಾತ್ರ ಆ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ನನ್ನ ಮಟ್ಟಿಗೆ ಹಲಗಲಿಯ ಕತೆಯ ತಿರುಳು ಅದೇ.

1857ರ ನಿಶ್ಶಸ್ತ್ರೀಕರಣ ಕಾಯ್ದೆ ಕೇಳಿದ್ದು ಸರಳವಾಗಿತ್ತು: ಆಯುಧ ಇದ್ದವರು ಬಂದು ನೋಂದಾಯಿಸಿ, ಪರವಾನಗಿ ಪಡೆಯಿರಿ, ಇಲ್ಲದಿದ್ದರೆ ಒಪ್ಪಿಸಿ. ಕಾಗದದ ಮೇಲೆ ನೋಡಿದರೆ ಇಂದಿನ ಯಾವುದೇ ಸುತ್ತೋಲೆಯಷ್ಟೇ ಸಾಧುವಾಗಿ ಕಾಣುತ್ತದೆ. ಆದರೆ ಬೇಟೆಯನ್ನೇ ನಂಬಿದ್ದ ಬೇಡರಿಗೆ ಆಯುಧ ಎಂದರೆ ಮನೆಯೊಲೆಯಷ್ಟೇ ಸಹಜ. ಅವರ ಪೈಕಿ ಯಾರು ಅಪಾಯಕಾರಿ, ಯಾರು ಅಲ್ಲ ಎಂದು ವಿಚಾರಿಸುವ ಗೋಜಿಗೆ ಕಂಪನಿ ಸರ್ಕಾರ ಹೋಗಲಿಲ್ಲ. ಊರಿಗೆ ಊರೇ ಪರೀಕ್ಷೆಯಲ್ಲಿ ಫೇಲಾಯಿತು. ಕಾರಣ ಕೇಳುವ ಬಾಗಿಲಿರಲಿಲ್ಲ, ಮೇಲ್ಮನವಿ ಕೊಡುವ ಮೇಜಿರಲಿಲ್ಲ. ಬೇಡರು ಆಯುಧ ಒಪ್ಪಿಸದೆ ಎದುರುನಿಂತರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು: 13 ಮಂದಿಯನ್ನು ಮುಧೋಳದಲ್ಲಿ, 6 ಮಂದಿಯನ್ನು ಹಲಗಲಿಯಲ್ಲೇ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್. ಆಳುವವರ ಪೈಕಿ ಒಬ್ಬರಿಗಾದರೂ ಅದು ಉಳಿಯಬೇಕಾದ ದಾಖಲೆ ಅನ್ನಿಸಿತ್ತು.

1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಅದೇ ಮನೋಭಾವವನ್ನು ಇಡೀ ದೇಶಕ್ಕೆ ಹರಡಿತು. ಸ್ವತಂತ್ರ ಭಾರತದ 1959ರ ಕಾಯ್ದೆ ಬಂದದ್ದು ಅದನ್ನು ತೊಡೆದುಹಾಕಲು. ಆ ಕಾಯ್ದೆಯನ್ನು ಹಲಗಲಿಯ ಕಣ್ಣಿನಿಂದ ಓದಿ ನೋಡಿ. ಬೆಳೆ ರಕ್ಷಣೆಗೆ ನಿಜವಾಗಿ ಬೇಕಿದ್ದವರಿಗೆ ಮದ್ದು ತುಂಬುವ ನಾಡಕೋವಿಯ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ 13ನೇ ಸೆಕ್ಷನ್. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎನ್ನುತ್ತದೆ 14(2). ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಅರ್ಜಿದಾರ ಕೇಳಿದರೆ ಅದರ ಸಾರಾಂಶ ಕೊಡಬೇಕು ಎನ್ನುತ್ತದೆ 14(3). ಕಾರಣ ಹೇಳುವುದೇ ಸಾರ್ವಜನಿಕ ಹಿತಕ್ಕೆ ಧಕ್ಕೆ ಎಂದಾದರೆ ಮಾತ್ರ ವಿನಾಯಿತಿ. 18ನೇ ಸೆಕ್ಷನ್ ಮೇಲ್ಮನವಿಯ ಹಕ್ಕು ಕೊಡುತ್ತದೆ. ಠಾಣೆಯ ವರದಿ ನಿಗದಿತ ಸಮಯಕ್ಕೆ ಬಾರದಿದ್ದರೆ ಅದಕ್ಕೆ ಕಾಯದೆ ಆದೇಶ ಹೊರಡಿಸಬಹುದು ಎಂಬ ಮಾತೂ ಕಾಯ್ದೆಯಲ್ಲಿದೆ. ವರದಿಯಿಲ್ಲದೆ ಲೈಸೆನ್ಸ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆದರೆ ‘ರಿಪೋರ್ಟ್ ಬಂದಿಲ್ರಿ’ ಎಂದು ಅರ್ಜಿಯನ್ನು ವರ್ಷಗಟ್ಟಲೆ ನೇತುಹಾಕುವುದು ಈ ಕಾಯ್ದೆ ಬಯಸಿದ್ದಲ್ಲ.

ಆದೇಶವಿಲ್ಲದಿದ್ದರೆ ಮೇಲ್ಮನವಿ ಎಲ್ಲಿಂದ ಬಂತು? ಬಾದಾಮಿಯಿಂದಲೋ ಇಳಕಲ್ಲಿನಿಂದಲೋ ಬಸ್ಸು ಹಿಡಿದು ನವನಗರದ ಜಿಲ್ಲಾಡಳಿತ ಭವನಕ್ಕೆ ಬರುವವನ ಕೈಗೆ ಸಹಿ ಇರುವ ಒಂದು ಹಾಳೆ ಸಿಗದಿದ್ದರೆ 18ನೇ ಸೆಕ್ಷನ್ ಅವನ ಪಾಲಿಗೆ ಸತ್ತಂತೆ.

ಬರೆಯದ ‘ಇಲ್ಲ’ ಪ್ರಾಮಾಣಿಕನಿಗೆ ಅನ್ಯಾಯ ಮಾಡುವಷ್ಟೇ ಅಪ್ರಾಮಾಣಿಕನಿಗೆ ಅನುಕೂಲ ಮಾಡುತ್ತದೆ. ಹಿಂಸೆಯ ಇತಿಹಾಸವಿರುವವನು ಅರ್ಜಿ ಹಾಕಿದ ಎಂದುಕೊಳ್ಳಿ. ಠಾಣೆಯವರಿಗೆ ಗೊತ್ತು, ಜಿಲ್ಲಾಧಿಕಾರಿ ಕಚೇರಿಯವರಿಗೆ ಗೊತ್ತು, ಅರ್ಜಿ ನಿಲ್ಲುತ್ತದೆ. ಕಾರಣ ಬರೆದ ಆದೇಶವಿಲ್ಲದ್ದರಿಂದ ಅವನು ಬೇರೆ ಜಿಲ್ಲೆಯ ವಿಳಾಸ ಹಿಡಿದು ಹೊಸ ಅರ್ಜಿ ಹಾಕಿದರೆ ಅಲ್ಲಿನವರ ಕೈಗೆ ಹಳೆಯ ನಿರಾಕರಣೆ ಸಿಗುವುದಿಲ್ಲ. ಒಬ್ಬ ಮನುಷ್ಯ ಬಂದೂಕು ಬಯಸಿದ್ದ, ಅವನಿಗೆ ಕೊಡಬಾರದೆಂದು ಸರ್ಕಾರ ತೀರ್ಮಾನಿಸಿತ್ತು. ಪೊಲೀಸರಿಗೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಬೇರೆ ಯಾವುದಿದೆ?

ಲೈಸೆನ್ಸ್ ಸಿಕ್ಕವರ ವಿಷಯದಲ್ಲೂ ಇದೇ ಸಡಿಲ. 2019ರ ತಿದ್ದುಪಡಿ ಬಂದಾಗ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು ಎಂದು ಎಲ್ಲರೂ ಬರೆದರು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದನ್ನು ಸೌಲಭ್ಯ ಎಂದು ದಾಟಿಸಿಬಿಟ್ಟರು. ನವೀಕರಣವೆಂದರೆ ಠಾಣೆಯ ಕಣ್ಣು ಆ ಮನೆಯ ಮೇಲೆ ಮತ್ತೊಮ್ಮೆ ಬೀಳುವ ಹೊತ್ತು. ಅದೀಗ ಐದು ವರ್ಷಕ್ಕೊಮ್ಮೆ. ನಡುವೆ ಅವನ ಮೇಲೆ ಹಲ್ಲೆ ಪ್ರಕರಣ ದಾಖಲಾಗಬಹುದು, ಲೈಸೆನ್ಸ್ ರದ್ದಾಗಬಹುದು. ರದ್ದಾದರೆ ಪುಸ್ತಕ ತಂದೊಪ್ಪಿಸು ಎಂದು ನೋಟಿಸ್ ಹೋಗುತ್ತದೆ. ಅವನು ತಂದುಕೊಡದೆ ಅಂಗಡಿಗೆ ಹೋದರೆ ಮೇಜಿನ ಮೇಲಿರುವುದು ಫೋಟೊ, ಮೊಹರು, ಅವಧಿ ಎಲ್ಲವೂ ಸರಿಯಿರುವ ಪುಸ್ತಕವೇ. ಅದಕ್ಕೆಂದೇ ಇರುವುದು ಯುಐಎನ್ ಮತ್ತು ಲೈಸೆನ್ಸುಗಳ ರಾಷ್ಟ್ರೀಯ ದತ್ತಾಂಶ. ರದ್ದತಿಯ ಆದೇಶಕ್ಕೆ ಸಹಿ ಬಿದ್ದ ದಿನವೇ ಅಲ್ಲಿ ಏರಿಸಿದರೆ ಅಂಗಡಿಯವನು ತಡೆಯಬಲ್ಲ. ಫೈಲಿನಲ್ಲೇ ಉಳಿದರೆ ಅವನನ್ನು ದೂರಿ ಏನು ಫಲ?

ಠಾಣೆಯಲ್ಲಿ ಜನ ಕಡಿಮೆ, ಕೆಲಸ ಹೆಚ್ಚು ಎನ್ನುತ್ತಾರೆ. ಸರಿ. ಆದರೆ ಅರ್ಜಿದಾರನನ್ನು ಹತ್ತು ಸಲ ತಿರುಗಿಸುವುದಕ್ಕಿಂತ ಐದು ಸಾಲು ಬರೆಯುವುದು ಕಡಿಮೆ ಕೆಲಸ. ಮುಧೋಳ, ಬೀಳಗಿ ತಾಲ್ಲೂಕಿನ ಯಡಹಳ್ಳಿ ಚಿಂಕಾರ ವನ್ಯಧಾಮದ ಸುತ್ತ ಕೋವಿ ಕೊಡಲು ಹಿಂಜರಿಕೆ ಇದ್ದರೆ ಅದು ನ್ಯಾಯವಾದ ಹಿಂಜರಿಕೆಯೇ. ಹಾಗಿದ್ದರೆ ಅದನ್ನೇ ಕಾರಣವೆಂದು ಬರೆಯಿರಿ. ಅರ್ಜಿದಾರ ಒಪ್ಪದಿದ್ದರೆ ಮೇಲ್ಮನವಿ ಹಾಕಲಿ.

ಅರ್ಜಿ ಹಾಕಿ ಕಾಯುತ್ತಿರುವವರಿಗೆ ಒಂದು ಮಾತು. ಬಾಯಿಮಾತಿನ ‘ಮುಂದಿನ ವಾರ’ಕ್ಕೆ ಇನ್ನು ಬಸ್ಸಿನ ದುಡ್ಡು ಹಾಕಬೇಡಿ. ಒಂದು ಬಿಳಿ ಹಾಳೆಯಲ್ಲಿ ನಿಮ್ಮ ಅರ್ಜಿಯ ಸಂಖ್ಯೆ, ತಾರೀಖು ಬರೆದು, ಆದೇಶ ಕೊಡಿ, ನಿರಾಕರಿಸಿದ್ದರೆ 14(3)ರ ಪ್ರಕಾರ ಕಾರಣ ಕೊಡಿ ಎಂದು ಕೇಳಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಮನೆಗೆ ಹೋಗಿ.