ಮಗು ನಮಗಾಗಿ ನಗಬೇಕಿಲ್ಲ

ಜರ್ಮನಿಯ ಬ್ರೆಮೆನ್ ನಗರದ ಸಂಗ್ರಹಾಲಯವೊಂದರಲ್ಲಿರುವ ಚಿತ್ರದ ಪ್ರತಿಯನ್ನು ಯಾರಿಗೆ ತೋರಿಸಿದರೂ ನನಗೆ ದೊರೆಯುವ ಉತ್ತರ ಒಂದೇ: "ಹುಡುಗಿ ಲಕ್ಷಣವಾಗಿಲ್ಲ ಮೇಷ್ಟ್ರೇ." ಪೌಲಾ ಮೋಡರ್‌ಸೋನ್-ಬೆಕರ್ 1905ರಲ್ಲಿ ರಚಿಸಿದ ಈ ಚಿತ್ರದಲ್ಲಿ ಬರ್ಚ್ ಮರಗಳ ನಡುವೆ ಹುಡುಗಿಯೊಬ್ಬಳು ಕೊಳಲೂದುತ್ತಿದ್ದಾಳೆ. ಆ ಉತ್ತರವನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ.

ಮರಗಳ ಬಿಳಿಯ ಕಾಂಡಗಳು ಕಂಬಗಳಂತೆ ನಿಂತಿವೆ. ಹುಡುಗಿ ಪಕ್ಕಕ್ಕೆ ತಿರುಗಿದ್ದಾಳೆ. ನಮ್ಮತ್ತ ನೋಡುವುದೇ ಇಲ್ಲ. ಕಲಾವಿದೆ ಮುಖವನ್ನು ತಿದ್ದಿ ತೀಡಲು ಹೋಗಿಲ್ಲ. ಕೊಳಲೆಂದೊಡನೆ ನಮಗೆ ನೆನಪಾಗುವವನು ಗೋಪಾಲ. ಅವನ ಸುತ್ತ ಗೋವುಗಳೂ ಗೋಪಿಯರೂ ಮೈಮರೆತು ನಿಂತಿರುತ್ತಾರೆ. ಈ ಹುಡುಗಿಗೆ ಶ್ರೋತೃಗಳಿಲ್ಲ, ಅದರ ಚಿಂತೆಯೂ ಇಲ್ಲ. ನಮಗೆ ಇರುಸುಮುರುಸಾಗುವುದು ಆಕೆಯ ರೂಪದಿಂದಲ್ಲ, ಆಕೆಗೆ ನಾವು ಬೇಡವಾಗಿರುವುದರಿಂದ.

ಬ್ರೆಮೆನ್ ಸಮೀಪದ ವೋರ್ಪ್ಸ್‌ವೇಡ ಜೌಗುನೆಲದ ಹಳ್ಳಿ. ಅಲ್ಲಿನ ಬಡ ರೈತರ ಮಕ್ಕಳೇ ಪೌಲಾಳಿಗೆ ರೂಪದರ್ಶಿಗಳು. ಅವರ ಬಡತನವನ್ನು ತೋರಿಸಿ ನೋಡುಗರ ಕಣ್ಣಲ್ಲಿ ನೀರು ತರಿಸುವುದು ಸುಲಭವಿತ್ತು. ಗುಲಾಬಿ ಕೆನ್ನೆ ಬಳಿದು ಮುದ್ದು ಬರಿಸುವುದು ಇನ್ನೂ ಸುಲಭವಿತ್ತು. ಆಕೆ ಎರಡನ್ನೂ ಮಾಡಲಿಲ್ಲ. "ಇಷ್ಟು ನಾನೂ ಬರೆದೇನು" ಎನ್ನುವವರು ತಿಳಿಯಬೇಕು: ಬರ್ಲಿನ್ ಮತ್ತು ಪ್ಯಾರಿಸ್‌ಗಳಲ್ಲಿ ಶ್ರದ್ಧೆಯಿಂದ ಅಭ್ಯಾಸ ಮಾಡಿದ ಕೈ ಅದು. ಸರಳತೆ ಆಕೆಯ ಅಸಾಮರ್ಥ್ಯವಲ್ಲ, ಆಯ್ಕೆ.

ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1899ರಲ್ಲಿ ಬ್ರೆಮೆನ್ನಿನಲ್ಲಿ ಆಕೆಯ ಕೃತಿಗಳು ಪ್ರದರ್ಶನಗೊಂಡಾಗ ಆರ್ಥರ್ ಫಿಟ್ಗರ್ ಎಂಬ ವಿಮರ್ಶಕ ಪತ್ರಿಕೆಯಲ್ಲಿ ನಾಲಗೆ ಹರಿಯಬಿಟ್ಟ. ಆಕೆ ಬದುಕಿದ್ದಾಗ ಮಾರಾಟವಾದ ಚಿತ್ರಗಳು ಬೆರಳೆಣಿಕೆಯಷ್ಟು. 1907ರ ನವೆಂಬರಿನಲ್ಲಿ, ಮಗಳನ್ನು ಹೆತ್ತ 18 ದಿನಗಳಿಗೆ, 31ರ ಹರೆಯದಲ್ಲೇ ತೀರಿಕೊಂಡಳು. ಅಭಿವ್ಯಕ್ತಿವಾದದ ಮುಂಗೋಳಿ ಆಕೆಯೆಂದು ಲೋಕ ಅರಿತದ್ದು ಆಮೇಲೆ. 1927ರಲ್ಲಿ ಆಕೆಯ ಹೆಸರಿನ ಸಂಗ್ರಹಾಲಯ ತೆರೆಯಿತು. 1937ರಲ್ಲಿ ನಾತ್ಸಿ ಸರಕಾರ ಆಕೆಯ ಕಲೆಯನ್ನು 'ಅಧಃಪತಿತ'ವೆಂದು ಸಾರಿ ಅನೇಕ ಕೃತಿಗಳನ್ನು ಜಪ್ತಿ ಮಾಡಿತು. 'ಲಕ್ಷಣ'ದ ಅಳತೆಗೋಲು ಎಂತೆಂಥವರ ಕೈಸೇರಬಲ್ಲದೆಂಬುದನ್ನು ನೆನಪಿಡಿ.

ಮುದ್ದು ಮಕ್ಕಳ ಕ್ಯಾಲೆಂಡರುಗಳನ್ನು ಹರಿದೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಮಗುವೆಂದರೆ ನಮ್ಮನ್ನು ರಂಜಿಸಲು ಹುಟ್ಟಿದ ಜೀವವೆಂಬ ಭ್ರಮೆಯನ್ನು ಅವು ಬೆಳೆಸುತ್ತವೆ. ಬಂದವರೆದುರು ಹಾಡಿಸುವುದು, ಪದ್ಯ ಒಪ್ಪಿಸಲು ಹೇಳುವುದು, ಮೊಬೈಲ್ ಹಿಡಿದು "ಇಲ್ಲಿ ನೋಡು, ನಗು" ಎಂದು ಗದರಿಸುವುದು: ಇವೆಲ್ಲ ಆ ಭ್ರಮೆಯ ಮರಿಗಳೇ. ನಕ್ಕರೆ ಜಾಣಮರಿ, ನಗದಿದ್ದರೆ ಮೊಂಡು!

ನನ್ನ ಶಿಷ್ಯರಲ್ಲಿ ಬಹುಮಂದಿ ಈಗ ತಾಯಿತಂದೆಯರು. ಕೆಲವರು ಅಜ್ಜ ಅಜ್ಜಿಯರು. ನಿಮ್ಮ ಮಗು ಹಿತ್ತಿಲಲ್ಲಿ ಒಂಟಿಯಾಗಿ ಕುಳಿತು ಎಲೆಯನ್ನೋ ಇರುವೆಯನ್ನೋ ನೋಡುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದರೆ, ದಯವಿಟ್ಟು ಕೂಗಿ ಕರೆಯಬೇಡಿ. ಅದರ ಮುಖ ಆಗ ಹೇಗಿರುತ್ತದೆಂಬುದನ್ನು ದೂರದಿಂದಲೇ ಒಮ್ಮೆ ನೋಡಿ. ಆಮೇಲೆ ಪೌಲಾಳ ಚಿತ್ರದ ಮುಂದೆ ನಿಂತು ಹೇಳಿ, ಆ ಹುಡುಗಿಯಲ್ಲಿ ಕೊರತೆಯೇನಿದೆ?