ಹರಿದ ಲಿಗಮೆಂಟಿಗೆ ಅರವತ್ತು ದಿನದ ವಿಮೆ

ಇಂದಿರಾನಗರದ ಸಿಎಂಎಚ್ ರಸ್ತೆಗೆ ಆ ಹೆಸರು ಬಂದದ್ದೇ ಚಿನ್ಮಯ ಮಿಷನ್ ಆಸ್ಪತ್ರೆಯಿಂದ. ಅದೇ ಬಡಾವಣೆಯಲ್ಲಿ ಸರ್ಕಾರದ ಸರ್ ಸಿ.ವಿ. ರಾಮನ್ ಆಸ್ಪತ್ರೆ ಇದೆ, ಇಎಸ್‌ಐ ಆಸ್ಪತ್ರೆ ಇದೆ. ಮೂಳೆ ತಜ್ಞರ ಕ್ಲಿನಿಕ್‌ಗಳಿಗೆ, ಸ್ಕ್ಯಾನಿಂಗ್ ಸೆಂಟರ್‌ಗಳಿಗೆ, ಫಿಸಿಯೋಥೆರಪಿ ಕೇಂದ್ರಗಳಿಗೆ ಕೊರತೆಯಿಲ್ಲ. ಮಂಡಿಯ ಲಿಗಮೆಂಟ್ ಹರಿದುಕೊಂಡು ಬಂದವರು ಇಲ್ಲೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಆಪರೇಷನ್ ಮಾಡಿಸಲೇಬೇಕಾ?’ ಇದಕ್ಕೆ ಉತ್ತರವನ್ನು ಆ ಮಂಡಿಯ ಸ್ಥಿತಿಗತಿ ಹೇಳಬೇಕು. ನಮ್ಮಲ್ಲಿ ಅದನ್ನು ಎಷ್ಟೋ ಸಲ ವಿಮೆಯ ಪಾಲಿಸಿಯೇ ಹೇಳಿಬಿಡುತ್ತಿದೆ ಎಂಬುದು ನನ್ನ ಆತಂಕ.

ಮಂಡಿಯೊಳಗೆ ತೊಡೆಮೂಳೆಯನ್ನೂ ಕಾಲಿನ ಮೂಳೆಯನ್ನೂ ಬಿಗಿಹಿಡಿಯುವ ಎರಡು ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟ್‌ಗಳು, ಒಂದಕ್ಕೊಂದು ಅಡ್ಡಹಾಯ್ದು ನಿಂತಿವೆ. ಮುಂದಿನದು ಎಸಿಎಲ್. ಪಾದ ನೆಲಕ್ಕೆ ಕಚ್ಚಿ ನಿಂತಾಗ ಮೈ ಇನ್ನೊಂದು ಕಡೆಗೆ ತಿರುಗಿದರೆ ‘ಟಕ್’ ಎಂದು ಹರಿಯುವುದು ಇದೇ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಭಾನುವಾರ ಟರ್ಫ್ ಮೇಲೆ ಫುಟ್‌ಬಾಲ್‌ಗೆ ಇಳಿಯುವ ಟೆಕ್ಕಿಗೂ, ನೂರಡಿ ರಸ್ತೆಯ ತಿರುವಿನಲ್ಲಿ ಸ್ಕೂಟರ್ ಜಾರಿದಾಗ ಕಾಲು ಊರಲು ಹೋದ ಡೆಲಿವರಿ ಹುಡುಗನಿಗೂ ಆಗುವ ಗಾಯ ಒಂದೇ. ಆಮೇಲಿನ ದಾರಿ ಮಾತ್ರ ಇಬ್ಬರಿಗೂ ಬೇರೆ ಬೇರೆ.

ಹರಿದ ಎಸಿಎಲ್‌ಗೆ ಶಸ್ತ್ರಚಿಕಿತ್ಸೆಯೇ ಗತಿ ಎಂಬ ನಂಬಿಕೆ ಬಹಳ ಕಾಲ ಪ್ರಶ್ನೆಯಿಲ್ಲದೆ ನಡೆಯಿತು. ಅದನ್ನು ಅಲುಗಾಡಿಸಿದ್ದು ಸ್ವೀಡನ್ನಿನ ಒಂದು ಅಧ್ಯಯನ. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 121 ಮಂದಿ ಯುವ, ಚಟುವಟಿಕೆಯ ರೋಗಿಗಳಿದ್ದರು. ಅರ್ಧ ಜನರಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮ ಮಾಡಿಸಿದರು. ಉಳಿದವರಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷದ ನಂತರ ನೋವು, ಓಡಾಟ, ಆಟ ಯಾವುದರಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷ ಕಳೆದರೂ ಎರಡನೇ ಗುಂಪಿನ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬಿದ್ದಿರಲಿಲ್ಲ.

ಹಾಗೆಂದು ‘ಆಪರೇಷನ್ ಸುಮ್ಮನೆ’ ಎನ್ನುವವರ ಮಾತಿಗೆ ಮರುಳಾಗಬಾರದು. 2022ರಲ್ಲಿ ಬ್ರಿಟನ್‌ನಿಂದ ಬಂದ, 316 ರೋಗಿಗಳ ಅಧ್ಯಯನ ಬೇರೆಯದೇ ಗುಂಪನ್ನು ಆರಿಸಿಕೊಂಡಿತ್ತು. ಇವರು ಪೆಟ್ಟು ಹಳೆಯದಾದ ಮೇಲೂ ಮಂಡಿ ಜಾರಿದಂತಾಗುವ ತೊಂದರೆ ಉಳಿದಿದ್ದವರು. ಇಂಥವರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ ಮೇಲಾದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೊಂದಲವೇನೂ ಇಲ್ಲ. ಹೊಸ ಪೆಟ್ಟಾದರೆ ಮಂಡಿಗೆ ಮೂರು ತಿಂಗಳಷ್ಟು ಕಾಲದ ಗಟ್ಟಿ ವ್ಯಾಯಾಮದ ಅವಕಾಶ ಕೊಟ್ಟು ನೋಡಬಹುದು. ಆಮೇಲೂ ಮೆಟ್ಟಿಲಿಳಿಯುವಾಗ, ತಿರುಗುವಾಗ ಮಂಡಿ ಕೈಕೊಡುತ್ತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಪದೇ ಪದೇ ಜಾರುವ ಮಂಡಿಯಲ್ಲಿ ಮೆನಿಸ್ಕಸ್ ಎಂಬ ಮೆತ್ತೆಯೂ ಸವೆದು ಹರಿಯುತ್ತದೆ. ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡು ಬಿಟ್ಟರೆ, ಎರಡು ಮೂರು ಲಿಗಮೆಂಟ್‌ಗಳು ಒಟ್ಟಿಗೇ ಹರಿದಿದ್ದರೆ, ಕಾಲಿಗೆ ರಕ್ತ ಹರಿಯುವುದೇ ಅನುಮಾನವಾದರೆ ಯಾವ ಚರ್ಚೆಯೂ ಬೇಡ, ನೇರವಾಗಿ ಶಸ್ತ್ರವೈದ್ಯರ ಬಳಿಗೇ ಹೋಗಬೇಕು. ಮಂಡಿಯ ಒಳಬದಿಯ ಎಂಸಿಎಲ್ ಹರಿದರೆ ಮಾತ್ರ ಬಹುತೇಕ ಶಸ್ತ್ರಚಿಕಿತ್ಸೆಯಿಲ್ಲದೆ ಕೂಡಿಕೊಳ್ಳುತ್ತದೆ.

ನಡುವಯಸ್ಸಿನವರ ಸಂಗತಿ ಬೇರೆ. ಐವತ್ತು ದಾಟಿದವರ ಮಂಡಿನೋವಿಗೆ ಎಂಆರ್‌ಐ ಮಾಡಿಸಿದರೆ ವರದಿಯಲ್ಲಿ ‘ಮೆನಿಸ್ಕಸ್ ಹರಿದಿದೆ’ ಎಂದು ಬರುವುದು ತೀರ ಸಾಮಾನ್ಯ. ಓದಿದವರಿಗೆ ಎದೆ ಧಸಕ್ಕೆನ್ನುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಗಳನ್ನು ಸ್ಕ್ಯಾನ್ ಮಾಡಿದಾಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೆನಿಸ್ಕಸ್ ಹರಿದಿತ್ತು, ಅಥವಾ ನಾಶವಾಗಿತ್ತು. ಹಾಗೆ ಹರಿದಿದ್ದವರ ಪೈಕಿ ಶೇ 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ! ವಯಸ್ಸಿನಿಂದ ಸವೆದು ಹರಿದ ಮೆನಿಸ್ಕಸ್ಸನ್ನು ಕೀಹೋಲ್ ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿ ತೆಗೆಸಿಕೊಂಡವರಿಗೂ, ಮಂಡಿಯೊಳಗೆ ಇಣುಕಿ ನೋಡಿ ಕತ್ತರಿಸುವ ಅಭಿನಯವನ್ನಷ್ಟೇ ಮಾಡಿಸಿಕೊಂಡವರಿಗೂ ಒಂದೇ ಫಲ ಸಿಕ್ಕಿತು ಎಂದು ಫಿನ್ಲೆಂಡ್‌ನ ವೈದ್ಯರು 2013ರಲ್ಲೇ ತೋರಿಸಿದ್ದಾರೆ. ಸ್ಕ್ಯಾನ್ ವರದಿ ಹಿಡಿದು ಬಂದ ಅಮ್ಮಂದಿರ, ಅಜ್ಜಿಯರ ತೊಡೆಯ ಸ್ನಾಯು ಗಟ್ಟಿಯಾಗಬೇಕು. ಅದು ಥಿಯೇಟರ್ ಟೇಬಲ್ ಮೇಲೆ ಆಗುವ ಕೆಲಸವಲ್ಲ.

ಶಸ್ತ್ರಚಿಕಿತ್ಸೆ ಮಾಡಿಸಲಿ ಬಿಡಲಿ, ತಪ್ಪದೆ ಆಗಬೇಕಾದದ್ದು ತಿಂಗಳುಗಟ್ಟಲೆಯ ಪುನಶ್ಚೇತನ. ಇದು ಇಡೀ ವಿಷಯದ ತಿರುಳು. ಶಸ್ತ್ರವೈದ್ಯರು ಹರಿದ ಎಸಿಎಲ್ ಜಾಗಕ್ಕೆ ರೋಗಿಯದೇ ತೊಡೆಯ ಹಿಂಬದಿಯ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಕೂರಿಸುತ್ತಾರೆ. ಅದಕ್ಕೆ ಹೊಸದಾಗಿ ರಕ್ತನಾಳ ಹರಡಿ, ಮೂಳೆಗೆ ಅಂಟಿಕೊಂಡು, ಲಿಗಮೆಂಟಿನ ಗುಣ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ತೊಡೆಯ ಮುಂಭಾಗದ ಸ್ನಾಯು ಕಣ್ಣಿಗೆ ಕಾಣುವಷ್ಟು ಕರಗಿಹೋಗಿರುತ್ತದೆ. ಅದನ್ನು ಇನ್ನೊಂದು ಕಾಲಿನ ಶೇ 90ರಷ್ಟಾದರೂ ಬಲಕ್ಕೆ ತರದೆ ಆಟಕ್ಕೆ ಇಳಿದರೆ ಮತ್ತೆ ಹರಿಯುವ ಅಪಾಯ ದೊಡ್ಡದು. ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತೆಂದು 2016ರ ನಾರ್ವೆ–ಅಮೆರಿಕ ಅಧ್ಯಯನ ಹೇಳಿತು. ಕ್ರಿಕೆಟಿಗ ರಿಷಭ್ ಪಂತ್ ಅವರ ಮಂಡಿ ನೆನಪಿರಬಹುದು. 2022ರ ಡಿಸೆಂಬರ್ 30ರಂದು ಕಾರು ಅಪಘಾತ, ಮುಂಬೈನಲ್ಲಿ ಲಿಗಮೆಂಟ್ ಶಸ್ತ್ರಚಿಕಿತ್ಸೆ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ; ಅವರು ಮತ್ತೆ ಅಂಗಳಕ್ಕಿಳಿದದ್ದು 2024ರ ಮಾರ್ಚ್‌ನಲ್ಲಿ. ಶಸ್ತ್ರಚಿಕಿತ್ಸೆ ಸುದ್ದಿಯಾಯಿತು. ಅದರ ನಂತರ ದಿನವೂ ಪಕ್ಕದಲ್ಲಿ ನಿಂತು ಕಾಲೆತ್ತಿಸಿದವರ ಶ್ರಮ ಅಷ್ಟಾಗಿ ಸುದ್ದಿಯಾಗಲಿಲ್ಲ.

ಆ ಶ್ರಮಕ್ಕೆ ಸಾಮಾನ್ಯರ ಪರವಾಗಿ ಹಣ ಕೊಡುವವರು ಯಾರು? ಎಲ್ಲ ಸಾಮಾನ್ಯ ಮತ್ತು ಆರೋಗ್ಯ ವಿಮಾ ಕಂಪನಿಗಳೂ ಮಾರಬೇಕೆಂದು 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪ್ರಮಾಣಿತ ಪಾಲಿಸಿ ‘ಆರೋಗ್ಯ ಸಂಜೀವನಿ’. ಅದು ಆಸ್ಪತ್ರೆಯ ದಾಖಲಾತಿಗೆ ಹಣ ಕೊಡುತ್ತದೆ, ದಾಖಲಾಗುವ ಮುಂಚಿನ 30 ದಿನಕ್ಕೂ ಬಿಡುಗಡೆಯ ನಂತರದ 60 ದಿನಕ್ಕೂ ಕೊಡುತ್ತದೆ. ಒಂಬತ್ತು ತಿಂಗಳ ಚಿಕಿತ್ಸೆಯಲ್ಲಿ ಎರಡು ತಿಂಗಳು! ಶಸ್ತ್ರಚಿಕಿತ್ಸೆಯೇ ಇಲ್ಲದೆ ಮಂಡಿ ಸರಿಪಡಿಸಿಕೊಳ್ಳಲು ಹೊರಟವರಿಗೆ ಆ ಎರಡು ತಿಂಗಳೂ ಇಲ್ಲ; ದಾಖಲಾಗದವರಿಗೆ ಬಿಡುಗಡೆಯೆಲ್ಲಿಯದು? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕೂಡ ಆಸ್ಪತ್ರೆಯ ಪ್ಯಾಕೇಜ್ ಲೆಕ್ಕದಲ್ಲೇ ನಡೆಯುತ್ತದೆ. ಲಕ್ಷದ ಲೆಕ್ಕದ ಶಸ್ತ್ರಚಿಕಿತ್ಸೆಗೆ ಕ್ಯಾಶ್‌ಲೆಸ್ ಸೌಲಭ್ಯವಿದೆ, ನೂರರ ಲೆಕ್ಕದ ದಿನದ ಫಿಸಿಯೋಥೆರಪಿಗೆ ಕೈಯಿಂದಲೇ ಕೊಡಬೇಕು. ಇಂಥ ತಕ್ಕಡಿಯ ಮುಂದೆ ಕೂತ ರೋಗಿ ಯಾವ ಕಡೆ ವಾಲುತ್ತಾನೆಂದು ಊಹಿಸಲು ಕಷ್ಟವಿಲ್ಲ. ವೈದ್ಯರನ್ನು ದೂರಿ ಇದು ಬಗೆಹರಿಯುವುದಿಲ್ಲ. ಒಳ್ಳೆಯ ಶಸ್ತ್ರವೈದ್ಯರು ವ್ಯಾಯಾಮದ ಚೀಟಿಯನ್ನು ಬರೆದೇ ಕೊಡುತ್ತಾರೆ. ಆ ಚೀಟಿಗೆ ಹಣ ಹೊಂದಿಸಲಾಗದೆ ಎಷ್ಟೋ ಜನ ನಡುವೆಯೇ ನಿಲ್ಲಿಸುತ್ತಾರೆ.

ಹಣಕ್ಕಿಂತ ದುಬಾರಿಯಾದದ್ದು ಸಮಯ. ಇಲ್ಲಿ ನೌಕರರ ರಾಜ್ಯ ವಿಮೆಯಾದ ಇಎಸ್‌ಐನಿಂದ ಕಲಿಯಬೇಕಾದದ್ದಿದೆ. ಅದರ ಸದಸ್ಯರಾದ ಕಾರ್ಮಿಕರಿಗೆ ಕಾಯಿಲೆಯಾದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಕೆಲಸದಲ್ಲಿ ಆದ ಗಾಯವಾದರೆ, ದುಡಿಯಲಾಗದ ಅಷ್ಟೂ ಕಾಲ ಶೇ 90ರಷ್ಟು. ಗಾಯ ಮಾಯಲು ಕಾಲ ಬೇಕು, ಆ ಕಾಲದಲ್ಲಿ ಮನೆ ನಡೆಯಬೇಕು ಎಂಬ ವಿವೇಕ ಆ ಕಾನೂನಿನಲ್ಲಿದೆ. ಅದೇ ಇಎಸ್‌ಐ ಆಸ್ಪತ್ರೆಯ ಆಸುಪಾಸಿನಲ್ಲೇ ಆರ್ಡರ್ ಹಿಡಿದು ಓಡಾಡುವ ಹುಡುಗರನ್ನು ಕಂಪನಿಗಳು ‘ಪಾಲುದಾರರು’ ಎಂದು ಕರೆದದ್ದರಿಂದ ಅವರಿಗೆ ಆ ಬಾಗಿಲು ತೆರೆಯಲಿಲ್ಲ. ಮಂಡಿ ಬಾತಿದ್ದರೂ ಬಿಗಿ ಪಟ್ಟಿ ಸುತ್ತಿಕೊಂಡು ಮತ್ತೆ ಗಾಡಿ ಹತ್ತುವ ಹುಡುಗನಿಗೆ ‘ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ’ ಎಂಬ ಸಲಹೆ ಯಾವ ಉಪಯೋಗಕ್ಕೆ?

ಇಂಥವರೇ ಮೂಳೆ ಕಟ್ಟುವ ನಾಟಿ ಚಿಕಿತ್ಸೆಯಾದ ಪುತ್ತೂರು ಕಟ್ಟಿನ ಬೋರ್ಡ್ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಖರ್ಚು ಕಡಿಮೆ, ಮಾತು ಖಚಿತ. ಆದರೆ ವಾರಗಟ್ಟಲೆ ಕದಲದಂತೆ ಕಟ್ಟಿಟ್ಟ ಮಂಡಿ ಗಡುಸಾಗುತ್ತದೆ, ಸ್ನಾಯು ಇನ್ನಷ್ಟು ಸೊರಗುತ್ತದೆ. ಹರಿದ ಎಸಿಎಲ್‌ಗೆ ಬೇಕಾದದ್ದು ಇದರ ತದ್ವಿರುದ್ಧ: ಬಾವು ಇಳಿದ ಕೂಡಲೇ ಹದವರಿತ ಚಲನೆ.

ಕರ್ನಾಟಕಕ್ಕೆ ಈಗ ಒಂದು ಅವಕಾಶವಿದೆ. ಡೆಲಿವರಿ ಹುಡುಗರಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯ 2025ರಲ್ಲಿ ತಂದ ಕಾನೂನು ಕಲ್ಯಾಣ ಮಂಡಳಿಯನ್ನು ರಚಿಸುತ್ತದೆ. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ದಾರಿ ಮಾಡಿದೆ. ಆ ನಿಧಿ ಸಾವಿಗೆ, ಅಂಗನಷ್ಟಕ್ಕೆ ಕೊಡುವ ಪರಿಹಾರಕ್ಕಷ್ಟೇ ಮುಗಿಯಬಾರದು. ಗಾಯಗೊಂಡ ಕೀಲು ಮರಳಿ ದುಡಿಯುವಂತಾಗುವವರೆಗೆ ಕೂಲಿಯ ಒಂದು ಪಾಲನ್ನೂ ಫಿಸಿಯೋಥೆರಪಿಯ ವೆಚ್ಚವನ್ನೂ ಅದರಿಂದ ಕೊಡಬೇಕು, ಶಸ್ತ್ರಚಿಕಿತ್ಸೆ ಆಗಿದೆಯೋ ಇಲ್ಲವೋ ಎಂದು ನೋಡದೆ. ವಿಮಾ ನಿಯಂತ್ರಕರು ಪ್ರಮಾಣಿತ ಪಾಲಿಸಿಯ 60 ದಿನದ ಮಿತಿಯನ್ನು ಕೀಲು ಗಾಯಗಳ ಮಟ್ಟಿಗೆ ಒಂಬತ್ತು ತಿಂಗಳಿಗೆ ವಿಸ್ತರಿಸಲಿ, ದಾಖಲಾಗದೆ ಪಡೆಯುವ ಫಿಸಿಯೋಥೆರಪಿಯನ್ನೂ ಅದರೊಳಗೆ ತರಲಿ. ಸಿ.ವಿ. ರಾಮನ್ ಆಸ್ಪತ್ರೆಯಂಥ ಕಡೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಸಂಜೆ ಏಳರಿಂದ ಒಂಬತ್ತರವರೆಗೂ ತೆರೆದಿದ್ದರೆ, ದುಡಿಮೆ ಬಿಡಲಾಗದವರೂ ವಾರಕ್ಕೆ ಮೂರು ದಿನ ಬಂದು ಹೋಗಬಲ್ಲರು.