ಮಡಿಕೆ ಬೀಳದ ನೋಟಿಗೇ ಮರ್ಯಾದೆಯೇ?

ಹಳೆಯ ನೋಟು ಕೂಡಿಡುವವರನ್ನು ಹುಚ್ಚರೆಂದು ನಗುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನ್ಯಾಷನಲ್ ಬ್ಯಾಂಕ್ ನೋಟುಗಳ ಸಂಗ್ರಾಹಕರಲ್ಲಿ ಬಹುಮಂದಿ ಹಿಡಿದಿರುವ ಹಾದಿ ಸರಿಯಲ್ಲವೆಂದು ಹೇಳದೆ ವಿಧಿಯಿಲ್ಲ.

ಈ ನೋಟುಗಳ ವಿಶೇಷವಾದರೂ ಏನು? 1863ರ ಕಾಯಿದೆಯ ಮೇರೆಗೆ ಸನ್ನದು ಪಡೆದ ಬ್ಯಾಂಕು, ಸರ್ಕಾರಿ ಸಾಲಪತ್ರಗಳನ್ನು ಖಜಾನೆಯಲ್ಲಿ ಒತ್ತೆಯಿಟ್ಟು, ತನ್ನ ಹೆಸರಿನಲ್ಲೇ ನೋಟು ಹೊರಡಿಸಬಹುದಾಗಿತ್ತು. ಅಚ್ಚಾದ ಹಾಳೆಗಳು ಊರಿಗೆ ಬಂದ ಮೇಲೆ ಬ್ಯಾಂಕಿನ ಅಧ್ಯಕ್ಷನೂ ಕ್ಯಾಷಿಯರನೂ ಲೇಖನಿ ಹಿಡಿದು ರುಜು ಹಾಕುತ್ತಿದ್ದರು. ಮಹಾನಗರದ ಬ್ಯಾಂಕಿಗೂ ಪುಟ್ಟ ಪೇಟೆಯ ಬ್ಯಾಂಕಿಗೂ ನೋಟಿನ ಚಿತ್ರ ಒಂದೇ. ಬೇರೆಯಾದದ್ದು ಊರಿನ ಹೆಸರು ಮತ್ತು ಆ ಎರಡು ರುಜು. ಸವೆದ ನೋಟುಗಳು ಖಜಾನೆಗೆ ಮರಳಿ ನಾಶವಾದವು. ಒಂದು, ಎರಡು ಡಾಲರಿನವು 1879ರ ಹೊತ್ತಿಗೆ ನಿಂತೇಹೋದವು. ಎರಡರ ಅಂಕಿ ಅಡ್ಡಲಾಗಿ ಒರಗಿರುವ ನೋಟಿಗೆ ಸಂಗ್ರಾಹಕರು ‘ಸೋಮಾರಿ ಎರಡು’ ಎಂದು ಮುದ್ದಿನ ಹೆಸರನ್ನೇ ಇಟ್ಟಿದ್ದಾರೆ.

ಇಂಥ ನೋಟು ಕೈಗೆ ಬಂದಾಗ ಮೊದಲು ಕೇಳಬೇಕಾದದ್ದು, ಯಾವ ಊರಿನದು, ರುಜು ಯಾರದು ಎಂದಲ್ಲವೇ? ಇವರು ಕೇಳುವುದು, ಎಪ್ಪತ್ತಕ್ಕೆ ಎಷ್ಟು ಅಂಕ ಬಂದಿದೆ ಎಂದು! ಊರು ಅಪರೂಪದ್ದಾದರೆ ಬೆಲೆ ಏರುವುದು ನಿಜ. ಆದರೂ ಒಂದೇ ಊರಿನ ಎರಡು ನೋಟುಗಳಲ್ಲಿ ಯಾರ ಕೈಯನ್ನೂ ಕಾಣದ, ಗರಿಗರಿಯಾದ ನೋಟಿಗೇ ಅಗ್ರಪೂಜೆ. ಅಂಗಡಿಯಿಂದ ಅಂಗಡಿಗೆ ಅಲೆದು, ಕೂಲಿಯವನ ಜೇಬಿನಲ್ಲಿ ಬೆವರು ಕುಡಿದು, ನೋಟಿನ ಧರ್ಮವನ್ನು ನೆರವೇರಿಸಿದ ನೋಟಿಗೆ ಪಂಕ್ತಿಯ ಕೊನೆಯ ಎಲೆ.

ಅಂಕದ ಆಸೆ ಇಲ್ಲಿಗೇ ನಿಲ್ಲುವುದಿಲ್ಲ. ಕೆಲವರು ನೋಟನ್ನು ತೊಳೆಯುತ್ತಾರೆ, ಒತ್ತಿ ಮಡಿಕೆ ಬಿಡಿಸುತ್ತಾರೆ. ಪರೀಕ್ಷಕರು ಅದನ್ನು ಹಿಡಿದು ಅಂಕ ಕಳೆಯುವುದುಂಟು. ಆದರೆ ನೀರಿನಲ್ಲಿ ಕದಡಿಹೋದ ಮಸಿಯ ರುಜುವನ್ನು ಯಾವ ಪರೀಕ್ಷಕನು ಮರಳಿ ತಂದುಕೊಟ್ಟಾನು? ಆ ಬ್ಯಾಂಕನ್ನು ಬೇರೊಂದರಿಂದ ಬೇರ್ಪಡಿಸುತ್ತಿದ್ದ ಗುರುತುಗಳಲ್ಲಿ ಒಂದು ಹೋಯಿತು. ಗೆದ್ದಲು ತಿಂದ ಓಲೆಯ ಉಳಿದ ಅರ್ಧ ಸಾಲಿಗಾಗಿ ಕಣ್ಣು ಸವೆಸುವ ಗ್ರಂಥಸಂಪಾದಕನಿಗೆ ಇದು ಪಾಪವೆಂದೇ ತೋರುತ್ತದೆ.

“ಬೆಲೆಯ ಆಸೆಯಿಲ್ಲದಿದ್ದರೆ ಇವು ಹಳೆಯ ಪೆಟ್ಟಿಗೆಗಳಿಂದ ಹೊರಬರುತ್ತಿದ್ದವೇ?” ಎಂದು ಸಂಗ್ರಾಹಕರು ಕೇಳಬಹುದು. ಒಪ್ಪಿದೆ, ಉಳಿಸಿದ ಪುಣ್ಯ ಅವರದೇ. ಇಂಥ ಬ್ಯಾಂಕುಗಳ ಚರಿತ್ರೆಯನ್ನು ಶ್ರಮಪಟ್ಟು ಬರೆದಿಟ್ಟವರೂ ಅವರಲ್ಲಿದ್ದಾರೆ. ನನ್ನ ಜಗಳ ಅವರೊಡನೆ ಅಲ್ಲ. ಪೆಟ್ಟಿಗೆಯಿಂದ ತೆಗೆದ ನೋಟನ್ನು ಪ್ಲಾಸ್ಟಿಕ್ಕಿನ ಕವಚದಲ್ಲಿ ಮುಚ್ಚಿ, ಅದು ಎಲ್ಲಿ ಸಿಕ್ಕಿತು, ಯಾರ ಮನೆಯದು ಎಂಬುದನ್ನು ಒಂದು ಸಾಲಿನಲ್ಲಾದರೂ ಬರೆದಿಡದೆ ಮುಂದಿನವನಿಗೆ ಮಾರುವವರೊಡನೆ.

ಅಂಕ ಕಾಗದದ ಆರೋಗ್ಯವನ್ನು ಹೇಳುತ್ತದೆ, ಅದು ಬದುಕಿದ ಬಾಳನ್ನು ಹೇಳದು. ಮಡಿಕೆಯೂ ಒಂದು ಬರವಣಿಗೆಯೇ. ಅದನ್ನು ಓದಲಾರದವರು ಅಳಿಸದೆಯಾದರೂ ಇರಲಿ.